ನೋವು ಹೋದ ದಿನವೇ ನನಗೆ ಭಯ

ಜಿಮ್ಮಿಗೆ ಬರುವವರು ಹೇಳುವ ಮಾತುಗಳಲ್ಲಿ ನನ್ನನ್ನು ಜಾಸ್ತಿ ಹೆದರಿಸುವುದು ಒಂದೇ. "ಸರ್, ಈಗ ನೋವೇ ಇಲ್ಲ." ನೋವಿದೆ ಅಂದವರ ಜೊತೆ ಕೆಲಸ ಸುಲಭ. ಹೇಳಿದ ಮಾತು ಕೇಳುತ್ತಾರೆ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಾರೆ. ನೋವು ಹೋದವರು ಭಾನುವಾರ ಬೆಳಗ್ಗೆ ಯಾರಿಗೂ ಹೇಳದೆ ಮೈದಾನಕ್ಕೆ ಹೋಗಿಬಿಡುತ್ತಾರೆ.

ನಾನೂ ಹಾಗೆ ಹೋದವನೇ. 2006ರಲ್ಲಿ ಮೈಸೂರಿನಲ್ಲಿ ಡಿಗ್ರಿ ಎರಡನೇ ವರ್ಷ. ಕಾಲೇಜು ಕಬಡ್ಡಿ ತಂಡದಲ್ಲಿ ರೈಡರ್. ಬೋನಸ್ ಲೈನ್ ಮುಟ್ಟಿ ಗಕ್ಕನೆ ತಿರುಗಿದೆ, ಪಾದ ನೆಲ ಬಿಡಲಿಲ್ಲ, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಟಪ್ ಅಂತ ಒಂದು ಸದ್ದು. ಯಾರೂ ನನ್ನನ್ನು ಮುಟ್ಟಿರಲೇ ಇಲ್ಲ. ಮನೆಯಲ್ಲಿ ಎಣ್ಣೆ ಹಚ್ಚಿ ನೀವಿದರು, ಬಟ್ಟೆ ಬಿಗಿದು ಕಟ್ಟಿದರು, ಎರಡು ವಾರಕ್ಕೆ ಊತ ಇಳಿಯಿತು. ಉಳುಕು ಅಂದುಕೊಂಡು ಎರಡು ತಿಂಗಳಿಗೆ ಮತ್ತೆ ಆಡಲು ಹೋದೆ. ಮಂಡಿ ಜಾರಿತು. ಆಮೇಲೆ ಎಂಆರ್‌ಐ, ಆಮೇಲೆ ಎಸಿಎಲ್ ಅನ್ನುವ ಮೂರಕ್ಷರ (ಮಂಡಿಯೊಳಗೆ ಮೂಳೆಗೆ ಮೂಳೆ ಹಿಡಿದಿಡುವ ಲಿಗಮೆಂಟು, ಅದು ಹರಿದಿತ್ತು), ಆಮೇಲೆ ಆಪರೇಷನ್.

ಆಪರೇಷನ್ ಚೆನ್ನಾಗೇ ಆಯಿತು. ಕೈಗೊಂದು ಜೆರಾಕ್ಸ್ ಹಾಳೆ ಕೊಟ್ಟರು, ಹತ್ತು ವ್ಯಾಯಾಮ. ಟವೆಲ್ ಮೇಲೆ ಮಂಡಿ ಒತ್ತು, ಕಾಲು ನೇರ ಎತ್ತು, ಹೀಗೆ. ಮೂರು ತಿಂಗಳು ಅದನ್ನೇ ಮಾಡಿದೆ. ಕುಂಟದೆ ನಡೆಯಲು ಬಂದ ಮೇಲೆ "ಇನ್ನು ಬರೋದು ಬೇಡ" ಅಂದರು. ಅಲ್ಲಿಂದ ಮುಂದೇನು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದನೇ ತಿಂಗಳಿಗೆ ಒಂಚೂರೂ ನೋವಿರಲಿಲ್ಲ. ಆಡಿದೆ. ಅದೇ ಮಂಡಿ, ಅದೇ ಸದ್ದು.

ಆಮೇಲೆ ನಾನು ಕಬಡ್ಡಿ ಆಡಲಿಲ್ಲ. ನಡೆಯಬಹುದು ಅನ್ನುವ ದಿನಕ್ಕೂ ಆಡಬಹುದು ಅನ್ನುವ ದಿನಕ್ಕೂ ನಡುವೆ ಒಂದು ದೊಡ್ಡ ಬಯಲಿದೆ. ಅಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಈಗ ನನ್ನ ಅನ್ನ ಇರುವುದು ಆ ಬಯಲಲ್ಲೇ.

ಶುರುವಿನಲ್ಲಿ ಹಾಗೇನೂ ಇರಲಿಲ್ಲ ಬಿಡಿ. 2009ರಲ್ಲಿ ಬೆಂಗಳೂರಿನ ಒಂದು ಜಿಮ್ಮಿನಲ್ಲಿ ಫ್ಲೋರ್ ಟ್ರೈನರ್ ಆಗಿ ಸೇರಿದೆ, ತಿಂಗಳಿಗೆ ಆರೂವರೆ ಸಾವಿರ. ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆಯಬೇಕು, ಚೆಲ್ಲಾಡಿದ ಪ್ಲೇಟುಗಳನ್ನು ಜೋಡಿಸಬೇಕು, ತಿಂಗಳ ಕೊನೆಗೆ ಇಷ್ಟು ಡಬ್ಬ ಪ್ರೋಟೀನ್ ಪೌಡರ್ ಮಾರಬೇಕು. ಬಂದವರಿಗೆಲ್ಲ ಒಂದೇ ಚಾರ್ಟು: ಸೋಮವಾರ ಎದೆ, ಮಂಗಳವಾರ ಬೆನ್ನು. ಇಪ್ಪತ್ತೆರಡರ ಹುಡುಗನಿಗೂ ಅದೇ, ಸೊಂಟ ಹಿಡಿದ ಐವತ್ತರ ಬ್ಯಾಂಕ್ ಉದ್ಯೋಗಿಗೂ ಅದೇ. ನನ್ನ ಜೆರಾಕ್ಸ್ ಹಾಳೆ ನೆನಪಾಗುತ್ತಿತ್ತು. ಕೋರ್ಸು ಮಾಡಿದೆ, ಸರ್ಟಿಫಿಕೇಟ್ ಪಡೆದೆ, ಆದರೆ ನಿಜವಾಗಿ ಕಲಿತದ್ದು ಒಬ್ಬ ಫಿಸಿಯೋ ಮೇಡಂ ಹತ್ತಿರ. ಸಂಜೆ ಅವರ ಕ್ಲಿನಿಕ್ಕಿನಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ. ಅವರು ಯಾರ ಮಂಡಿಯನ್ನೂ ಮೊದಲು ಮುಟ್ಟುತ್ತಿರಲಿಲ್ಲ. "ಆ ಕುರ್ಚಿಯಿಂದ ಎದ್ದು ಬನ್ನಿ" ಅನ್ನುತ್ತಿದ್ದರು. ಏಳುವ ರೀತಿಯಲ್ಲೇ ಅರ್ಧ ಕಥೆ ಗೊತ್ತಾಗುತ್ತಿತ್ತು.

ಅವರ ಬಾಯಲ್ಲೇ ಮೊದಲ ಸಲ ಡೆಲೋರ್ಮ್ ಹೆಸರು ಕೇಳಿದ್ದು. ಥಾಮಸ್ ಡೆಲೋರ್ಮ್, ಅಮೆರಿಕದ ಸೈನ್ಯದ ಡಾಕ್ಟರು. ಎರಡನೇ ಮಹಾಯುದ್ಧದ ಹೊತ್ತಿಗೆ ಶಿಕಾಗೋದ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ಮಂಡಿ ಕೆಟ್ಟ ಸೈನಿಕರು ತುಂಬಿಹೋಗಿದ್ದರು. ಆಗಿನ ಪದ್ಧತಿ ಎಂದರೆ ಹಗುರವಾಗಿ, ಜಾಸ್ತಿ ಸಲ. ಈತನಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು, ತೂಕ ಎತ್ತಿ ಎತ್ತಿ ಮೈ ಗಟ್ಟಿ ಮಾಡಿಕೊಂಡಿದ್ದ ಅನುಭವ ಇತ್ತು. ಸೈನಿಕರ ಕಾಲಿಗೆ ಕಬ್ಬಿಣದ ಬೂಟು ಕಟ್ಟಿಸಿ ಭಾರ ಎತ್ತಿಸಿದ, ವಾರ ವಾರ ಏರಿಸಿದ. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಕೆಲ ವರ್ಷದ ನಂತರ ಲೆಕ್ಕ ಸರಳ ಮಾಡಿದ: ಹತ್ತು ಸಲ ಎತ್ತಲು ಆಗುವಷ್ಟು ಭಾರ ಎಷ್ಟು ನೋಡಿಕೋ, ಮೊದಲ ಸೆಟ್ಟಿಗೆ, ಅಂದರೆ ಹತ್ತು ಸಲದ ಮೊದಲ ಸುತ್ತಿಗೆ, ಅದರ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ. ಇವತ್ತು ಜಿಮ್ಮಿನಲ್ಲಿ ಎಲ್ಲರೂ ಹೇಳುವ "ಮೂರು ಸೆಟ್ಟು, ಹತ್ತು ರೆಪ್ಸು" ಬಂದದ್ದು ಬಾಡಿ ಬಿಲ್ಡರುಗಳ ತಲೆಯಿಂದಲ್ಲ, ಬಹುಮಟ್ಟಿಗೆ ಈ ಮುರಿದ ಮಂಡಿಗಳಿಂದ.

ಇದು ಕೇಳಿದಾಗ ನನಗೆ ತಾತ ಕರೆದುಕೊಂಡು ಹೋಗುತ್ತಿದ್ದ ಗರಡಿ ಮನೆ ನೆನಪಾಯಿತು. ಹೊಸ ಹುಡುಗರಿಗೆ ಉಸ್ತಾದರು ಗದೆ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಮಟ್ಟಿ ಅಗೆ, ಬಸ್ಕಿ ಹೊಡಿ. ಈ ವಾರ ಇಷ್ಟು, ಮುಂದಿನ ವಾರ ಐದು ಜಾಸ್ತಿ, ಎಣಿಕೆ ಅವರ ತಲೆಯಲ್ಲೇ ಇರುತ್ತಿತ್ತು. ಜ್ವರ ಬಿಟ್ಟು ಬಂದವನಿಗೆ "ಅರ್ಧ ಎಣಿಕೆ ಕಣೋ" ಅನ್ನುತ್ತಿದ್ದರು. ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಶಿಕಾಗೋ ಹೆಸರೂ ಕೇಳಿರಲಿಕ್ಕಿಲ್ಲ ಅವರು.

ಈಗ ಮೈಸೂರಿಗೇ ವಾಪಸ್ ಬಂದಿದ್ದೇನೆ. ಚಿಕ್ಕ ಜಾಗ, ನಾಲ್ಕು ರ‍್ಯಾಕು, ಒಂದು ಲೆಗ್ ಪ್ರೆಸ್, ಹಿಂದೆ ಸ್ವಲ್ಪ ಮಣ್ಣಿನ ಅಂಗಳ. ತೂಕ ಇಳಿಸಲು ಬರುವವರೂ ಇದ್ದಾರೆ, ಬಾಡಿಗೆ ಕಟ್ಟಬೇಕಲ್ವಾ. ಆದರೆ ಮನಸ್ಸಿಟ್ಟು ಮಾಡುವುದು ಪೆಟ್ಟು ಬಿದ್ದು ಬಂದವರ ಕೆಲಸ. ನಾನು ಡಾಕ್ಟರೂ ಅಲ್ಲ, ಫಿಸಿಯೋನೂ ಅಲ್ಲ, ಅದನ್ನು ಮೊದಲ ದಿನವೇ ಹೇಳುತ್ತೇನೆ. ಅವರ ಚೀಟಿ ಇಲ್ಲದೆ ಆಪರೇಷನ್ ಆದವರನ್ನು ಸೇರಿಸಿಕೊಳ್ಳುವುದಿಲ್ಲ.

ಕಳೆದ ಕೆಲ ತಿಂಗಳಿಂದ ಮಂಡ್ಯ ಕಡೆಯ ಒಬ್ಬ ಹುಡುಗಿ ಬರುತ್ತಿದ್ದಾಳೆ. ಹತ್ತೊಂಬತ್ತು ವರ್ಷ, ಕಬಡ್ಡಿ, ಎಸಿಎಲ್ ಆಪರೇಷನ್. (ದೇವರಿಗೂ ತಮಾಷೆ ಮಾಡಲು ಬರುತ್ತದೆ.) ನಾಲ್ಕನೇ ತಿಂಗಳಿಗೆ ಬಂದಾಗ ಟೇಪು ಹಿಡಿದು ನೋಡಿದೆ, ಬಲದ ತೊಡೆ ಎಡದಕ್ಕಿಂತ ಮೂರು ಸೆಂಟಿಮೀಟರ್ ಸಣ್ಣ. ಅವಳಿಗೆ ನೋವಿರಲಿಲ್ಲ. ಅವಳ ಅಪ್ಪ ಬಾಗಿಲಲ್ಲೇ ನಿಂತು ಕೇಳಿದರು, "ನಡೀತಾಳಲ್ಲ ಸಾರ್, ಮತ್ತಿನ್ನೇನು? ಕೆ.ಎಲ್. ರಾಹುಲ್ ನಾಲ್ಕೇ ತಿಂಗಳಿಗೆ ಬರಲಿಲ್ವಾ?"

ಬಂದ, ನಿಜ. 2023ರ ಮೇ ತಿಂಗಳಲ್ಲಿ ಐಪಿಎಲ್ ಆಡುವಾಗ ಪೆಟ್ಟಾಗಿ ಆಪರೇಷನ್ ಆಯಿತು, ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ಮೇಲೆ ಔಟಾಗದೆ 111 ಹೊಡೆದ. ಆದರೆ ಅದು ತೊಡೆ, ಇದು ಮಂಡಿಯೊಳಗಿನ ಲಿಗಮೆಂಟು. ಅವನಿಗೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ದಿನವಿಡೀ ನೋಡಿಕೊಳ್ಳುವವರಿದ್ದರು, ಇವಳು ಬೆಳಗಿನ ಬಸ್ಸು ಹಿಡಿದು ಬಂದು ಒಂಬತ್ತಕ್ಕೆ ಕಾಲೇಜಿಗೆ ಹೋಗಬೇಕು.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹರಿದ ಲಿಗಮೆಂಟಿನ ಜಾಗಕ್ಕೆ ಡಾಕ್ಟರು ನಮ್ಮದೇ ಮೈಯಿಂದ ಒಂದು ಸ್ನಾಯುರಜ್ಜು ತೆಗೆದು ಹಾಕುತ್ತಾರೆ. ಅದಕ್ಕೆ ಮೊದಲು ರಕ್ತ ಓಡಾಟ ಇರುವುದಿಲ್ಲ. ಒಳಗಿನ ಜೀವಕೋಶ ಸಾಯುತ್ತವೆ, ಹೊಸವು ಬಂದು ನಿಧಾನವಾಗಿ ಕಟ್ಟುತ್ತವೆ. ಅದು ತೀರಾ ಸೊರಗಿರುವುದು ಸುಮಾರು ಆರರಿಂದ ಹನ್ನೆರಡನೇ ವಾರದ ನಡುವೆ. ಊತ ಇಳಿದು, ನೋವು ಹೋಗಿ, "ನಾನು ಸರಿಹೋದೆ" ಅನ್ನಿಸುವುದೂ ಆಗಲೇ! 2016ರಲ್ಲಿ ನಾರ್ವೆ ಮತ್ತು ಅಮೆರಿಕದವರು ಸೇರಿ ನೂರಕ್ಕೂ ಸ್ವಲ್ಪ ಹೆಚ್ಚು ಜನರ ಮೇಲೆ ಮಾಡಿದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕರ್ಧ ಇಳಿಯಿತು. ಐದನೇ ತಿಂಗಳಿಗೆ ಆಡಲು ಹೋದ ನನ್ನಂಥವನಿಗೆ ಇದನ್ನು ಓದುವುದು ಸಂಕಟದ ಕೆಲಸ.

ಕುರ್ಚಿಯಿಂದ ಎದ್ದು ಕೂರುವುದರಿಂದ ಶುರು ಮಾಡಿದೆವು. ಆಮೇಲೆ ಒಂದು ಇಟ್ಟಿಗೆ ಎತ್ತರದಿಂದ ಒಂಟಿ ಕಾಲಲ್ಲಿ ಇಳಿಯುವುದು, ಮಂಡಿ ಒಳಕ್ಕೆ ವಾಲಬಾರದು. ಲೆಗ್ ಪ್ರೆಸ್ ಒಂಟಿ ಕಾಲಿಗೆ 15 ಕೆಜಿ. ಏರಿಸುವುದು ಎರಡೂವರೆ ಕೆಜಿ ಮಾತ್ರ, ಅದೂ ಮಾರನೇ ಬೆಳಗ್ಗೆ ಮಂಡಿ ಊದಿಕೊಂಡಿರದಿದ್ದರೆ. ವ್ಯಾಯಾಮ ಮಾಡುವಾಗಿನ ನೋವಿಗಿಂತ ನನಗೆ ಮಾರನೇ ಬೆಳಗಿನ ಮಂಡಿಯೇ ಹೆಚ್ಚು ನಂಬಿಕಸ್ಥ. ಪ್ರತಿ ನಾಲ್ಕನೇ ವಾರ ಭಾರ ಕಮ್ಮಿ ಮಾಡುತ್ತೇವೆ. ಅವಳಿಗೆ ಆ ವಾರ ಕಂಡರಾಗುವುದಿಲ್ಲ. "ದುಡ್ಡು ಕೊಟ್ಟು ಸುಮ್ನೆ ಬಂದಂಗಾಯ್ತು" ಅನ್ನುತ್ತಾಳೆ.

ಜಿಗಿತಕ್ಕೆ ಬಂದಾಗ ನನ್ನದೊಂದೇ ನಿಯಮ, ಇಳಿದ ಸದ್ದು ಕೇಳಬಾರದು. ಶುರುವಿನಲ್ಲಿ ಮೂಟೆ ಎತ್ತಿ ಹಾಕಿದ ಹಾಗೆ ಧಡ್ ಅನ್ನುತ್ತಿತ್ತು. ಈಗ ಬೆಕ್ಕಿನ ಹಾಗೆ ಇಳಿಯುತ್ತಾಳೆ. ನೇರ ಓಟ ಆಯಿತು, ಈಗ ತಿರುವು ಶುರುವಾಗಿದೆ. ಗೊತ್ತಿರುವ ಕಡೆಗೆ ತಿರುಗುವುದು ಏನೂ ಕಷ್ಟವಲ್ಲ. ಕಬಡ್ಡಿಯಲ್ಲಿ ಯಾರು ಕಾಲಿಗೆ ಬೀಳುತ್ತಾರೆ ಅಂತ ಮೊದಲೇ ಹೇಳುವವರಿಲ್ಲ. ಅದಕ್ಕೇ ನಾನು ಅವಳ ಬೆನ್ನ ಹಿಂದೆ ನಿಂತು ಎಡ, ಬಲ ಅಂತ ಕೂಗುತ್ತೇನೆ, ಒಮ್ಮೊಮ್ಮೆ ಸುಳ್ಳು ಹೇಳುತ್ತೇನೆ.

ಎಲ್ಲರದ್ದೂ ಇಷ್ಟು ನಾಟಕೀಯ ಅಲ್ಲ. ಹಿಮ್ಮಡಿ ಮೇಲಿನ ಸ್ನಾಯುರಜ್ಜು ನೋಯುವ ಓಟಗಾರರು ಬರುತ್ತಾರೆ, ಅವರಿಗೆ ಬೇಕಿರುವುದು ಮನೆಯ ಮೆಟ್ಟಿಲು ಮತ್ತು ತಾಳ್ಮೆ. ಸ್ವೀಡನ್ನಿನ ಆಲ್ಫ್ರೆಡ್ಸನ್ ಎಂಬ ಡಾಕ್ಟರು 1998ರಲ್ಲಿ ತೋರಿಸಿದ ಕ್ರಮ ಅದು: ಹಿಮ್ಮಡಿಯನ್ನು ಮೆಟ್ಟಿಲ ಅಂಚಿನಿಂದ ನಿಧಾನ ಕೆಳಗಿಳಿಸುವುದು, ಮಂಡಿ ನೇರ ಇಟ್ಟು ಹದಿನೈದರ ಮೂರು ಸೆಟ್ಟು, ಬಗ್ಗಿಸಿ ಮೂರು, ದಿನಕ್ಕೆರಡು ಹೊತ್ತು, ಹನ್ನೆರಡು ವಾರ. ಒಂದು ದಿನಕ್ಕೆ 180 ಆಯಿತು. ಹೆಚ್ಚಿನವರು ಹತ್ತನೇ ದಿನಕ್ಕೆ ಬಿಟ್ಟು ಹೊಸ ಶೂ ಕೊಳ್ಳುತ್ತಾರೆ.

ಈ ಕೆಲಸದಲ್ಲಿ ದುಡ್ಡು ಕಮ್ಮಿ ಅಂತ ಹೊಸ ಟ್ರೈನರುಗಳು ಕೇಳುತ್ತಾರೆ. ಕಮ್ಮಿಯೇ. ಮೂರು ತಿಂಗಳಲ್ಲಿ ಸಿಕ್ಸ್ ಪ್ಯಾಕ್ ಅಂದರೆ ಜನ ಮುಂಗಡ ಕೊಡುತ್ತಾರೆ, ಒಂಬತ್ತು ತಿಂಗಳು ಬೇಕು ಅಂದರೆ ಇನ್ನೊಂದು ಜಿಮ್ಮಿಗೆ ಹೋಗುತ್ತಾರೆ. ನನ್ನ ಹತ್ತಿರ ಇರುವ ಆಸ್ತಿ ಹದಿನಾಲ್ಕು ಉದ್ದ ನೋಟ್‌ಬುಕ್ಕು. ಯಾರು ಯಾವ ದಿನ ಎಷ್ಟು ಎತ್ತಿದರು, ಮಾರನೇ ದಿನ ಹೇಗಿದ್ದರು, ಎಲ್ಲ ಬರೆದಿದ್ದೇನೆ.

ಹುಡುಗಿಗೆ ಆಪರೇಷನ್ ಆಗಿ ಈಗ ಏಳೂವರೆ ತಿಂಗಳು. ಹೋದ ವಾರ ಬಂದು, "ಸಾರ್, ಊರಲ್ಲಿ ಟೂರ್ನಮೆಂಟ್ ಇದೆ. ಒಂದೇ ಒಂದು ಮ್ಯಾಚು" ಅಂದಳು. ಇಲ್ಲ ಕಣಮ್ಮಾ ಅಂದೆ. ಮಾತು ಬಿಟ್ಟಳು. ಶನಿವಾರ ಬರುವುದಿಲ್ಲ ಅಂದುಕೊಂಡಿದ್ದೆ, ಆರೂ ಹತ್ತಕ್ಕೆ ಬಂದಳು. ಒಂಟಿ ಕಾಲಿನ ಜಿಗಿತ ಅಳೆದೆವು. ಎಡಗಾಲು 148 ಸೆಂಟಿಮೀಟರ್, ಬಲಗಾಲು 131. ನನಗೆ ಬೇಕಿರುವುದು ಕಡಿಮೆ ಅಂದರೂ ಎಡಗಾಲಿನ ಜಿಗಿತದ ನೂರಕ್ಕೆ ತೊಂಬತ್ತು. ಮೊಬೈಲಿನಲ್ಲಿ ಭಾಗಿಸಿ ತೋರಿಸಿದೆ, ಎಂಬತ್ತೆಂಟೂ ಚಿಲ್ಲರೆ.

ಅವಳು ಸ್ಕ್ರೀನು ನೋಡಿದಳು, ನೆಲದ ಮೇಲಿನ ಸುಣ್ಣದ ಗೆರೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಟೇಪು ಸರಿಯಾಗಿ ಹಿಡ್ಕೊಳಿ ಸಾರ್" ಅಂದು ಮತ್ತೆ ಗೆರೆಯ ಹಿಂದೆ ಹೋಗಿ ನಿಂತಳು.