ನಿಮ್ಮ ಕಥೆಯವರೆಲ್ಲ ಕೆಟ್ಟವರೇ ಯಾಕೆ?

ಮಡಿಕೇರಿಯಲ್ಲಿ ಯಾವ ಸಾಹಿತ್ಯ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಯಾರಾದರೂ ಕೇಳುತ್ತಾರೆ: "ನಮ್ಮ ಕೊಡಗಿನಲ್ಲಿ ಒಳ್ಳೆಯವರು ಇಲ್ಲವಾ? ನಿಮ್ಮ ಕಥೆಯಲ್ಲಿ ಒಬ್ಬನೂ ಸರಿ ಇಲ್ಲವಲ್ಲ?"

ಇದ್ದಾರೆ. ಅವರ ಬಗ್ಗೆ ಪ್ರವಾಸಿಗರ ಕೈಪಿಡಿಗಳೇ ಧಾರಾಳವಾಗಿ ಬರೆದಿವೆ.

ಜನ ಹೆಚ್ಚು ಬೈದದ್ದು ನನ್ನೊಂದು ಕಥೆಯ ರೈಟರನ್ನು, ಅಂದರೆ ತೋಟದ ಲೆಕ್ಕ ಬರೆಯುವವನನ್ನು. ಕಾಫಿ ಕೊಯ್ಲಿನ ಸಮಯ, ಕೆ.ಜಿ. ಲೆಕ್ಕದಲ್ಲಿ ಕೂಲಿ. ಸಂಜೆ ಹಣ್ಣು ತೂಗುವಾಗ ಅವನು ಚೀಲಕ್ಕೆ ಎರಡು ಕೆ.ಜಿ. ಕಡಿಮೆ ಬರೆಯುತ್ತಾನೆ. ಅದೇ ಮನುಷ್ಯ, ದಾರಿಯಲ್ಲಿ ಆನೆ ಇದೆಯೆಂದು ಗೊತ್ತಿದ್ದೂ, ನಡುರಾತ್ರಿ ಕೂಲಿಕಾರರ ಲೈನ್‌ಮನೆಯ ಬಸುರಿಯನ್ನು ಜೀಪಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೋಗುತ್ತಾನೆ. ಮರುದಿನ ಅವಳ ಗಂಡನ ಚೀಲದಲ್ಲೂ ಎರಡು ಕೆ.ಜಿ. ಕಡಿಮೆ. ಓದುಗರಿಗೆ ಸಿಟ್ಟು ಬರುವುದು ಇಲ್ಲಿ. ತೂಕ ಸರಿ ಮಾಡಿ, ಇಲ್ಲವೇ ಜೀಪು ತೆಗೆಯಿರಿ ಅನ್ನುತ್ತಾರೆ. ನನಗೆ ಎರಡೂ ಬೇಕು. ರೈಟರಿನ ತಲೆಯಲ್ಲಿ ಅವೆರಡಕ್ಕೂ ಸಂಬಂಧವೇ ಇಲ್ಲ. ಹಿಂದಿನ ರೈಟರೂ ಹಾಗೇ ತೂಗಿದ್ದ, ಮುಗಿಯಿತು.

ಅವನಿಗೊಂದು ಕಷ್ಟದ ಬಾಲ್ಯ ಕೊಟ್ಟು ಜಾಮೀನು ಕೊಡಿಸುವುದು ನನ್ನಿಂದಾಗದು. ಆದರೆ ಆ ಎರಡು ಕೆ.ಜಿ. ಹೋದದ್ದರಿಂದ ಯಾರ ಮನೆಯಲ್ಲಿ ಏನು ತಪ್ಪಿತು ಎಂದು ಬರೆಯಲೇಬೇಕು. ಅದಿಲ್ಲದೆ ಬಾಯಿ ತುಂಬ ಬೈಗುಳ, ಕೈಯಲ್ಲೊಂದು ಗ್ಲಾಸು ಇಟ್ಟ ಮಾತ್ರಕ್ಕೆ ಪಾತ್ರ ಖಡಕ್ ಆಗುವುದಿಲ್ಲ. ಈಗಿನ ಬಹಳಷ್ಟು ಕಥೆಗಳು ಅಷ್ಟಕ್ಕೇ ನಿಲ್ಲುತ್ತವೆ.

ಊರಿನ ಮರ್ಯಾದೆಯ ಮಾತು ಬಂದಾಗ ನಾನು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಹೆಸರು ತೆಗೆಯುತ್ತೇನೆ. ಸ್ವಂತ ಸೋದರಿ ದೇವಮ್ಮಾಜಿಯೇ ಗಂಡನ ಜೊತೆ ಓಡಿಹೋಗಿ ಇಂಗ್ಲಿಷರ ಆಸರೆ ಬೇಡಿದಳು, ಅಂಥ ಅರಸ. 1834ರಲ್ಲಿ ರಾಜ್ಯ ಇಂಗ್ಲಿಷರ ಕೈಗೆ ಹೋಯಿತು. ಗಡೀಪಾರಾಗಿ ಕಾಶಿಯಲ್ಲಿದ್ದವನು 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋಗಿ ತನ್ನ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆಯೇ ದಾವೆ ಹೂಡಿದ. ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆ. ಅವಳನ್ನು ಹಾಗೆ ಒಪ್ಪಿಸಿದ್ದರಲ್ಲಿ ಅಪ್ಪನ ಅಕ್ಕರೆ ಎಷ್ಟು, ದಾವೆಯ ಲೆಕ್ಕಾಚಾರ ಎಷ್ಟು? ಬಿಡಿಸಿ ಹೇಳಹೊರಟರೆ ಕಥೆಗಾರ ಕೆಟ್ಟ. 1859ರಲ್ಲಿ ಆತ ಅಲ್ಲೇ ತೀರಿಕೊಂಡ.

ರೈಟರು ಕೊನೆಗಾದರೂ ಸುಧಾರಿಸಬಾರದಿತ್ತೇ ಎಂದು ಕೇಳುವವರೂ ಉಂಟು. ಯಾಕೆ ಸುಧಾರಿಸಬೇಕು? ಕೊಯ್ಲು ಮುಗಿದ ಮೇಲೆ ಕೂಲಿ ಉಳಿಸಿದ್ದಕ್ಕೆ ಸಾಹುಕಾರರು ಅವನಿಗೆ ಬೋನಸ್ ಕೊಡುತ್ತಾರೆ. ಅದೂ ಕಥೆಯಲ್ಲಿದೆ. ಆ ಪುಟದ ಬಗ್ಗೆ ಊಟದ ಸಾಲಿನಲ್ಲಿ ಇದುವರೆಗೆ ಯಾರೂ ಕೇಳಿಲ್ಲ.