ಎರಡು ವಾರದ ನೋಟಿಸು, ನಾಲ್ಕು ವರ್ಷದ ಆಸೆ

ಬೆಂಗಳೂರಿನಲ್ಲಿ ಕೆಲಸ ಬಿಡೋದು ಅಂದರೆ ಮೂರು ತಿಂಗಳ ನೋಟಿಸ್ ಪೀರಿಯಡ್, ಆಮೇಲೆ ರಿಲೀವಿಂಗ್ ಲೆಟರ್‌ಗಾಗಿ ಎಚ್‌ಆರ್ ಹಿಂದೆ ಅಲೆದಾಟ, ಅಲ್ವಾ? ಇಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಎರಡು ವಾರ ಮುಂಚೆ ಹೇಳಿದರೆ ಸಾಕು. ಅದೂ ಮರ್ಯಾದೆಗೆ, ಕಾನೂನಿಗಲ್ಲ. ಬಿಟ್ಟವರು ಎದುರಾಳಿ ಕಂಪನಿಗೇ ಸೇರಿದರೂ ಸುಮ್ನಿರಬೇಕು. ಹಾಗೆ ಸೇರಬಾರದು ಅಂತ ನೌಕರರಿಂದ ಬರೆಸಿಕೊಂಡರೆ ಅದು ಕ್ಯಾಲಿಫೋರ್ನಿಯಾದಲ್ಲಿ ನಿಲ್ಲುವುದಿಲ್ಲ. 1872ರ ಕಾನೂನು ಇದು!

ಸಂಬಳದಲ್ಲಿ ಗೂಗಲ್, ಮೆಟಾ ಜೊತೆ ಪೈಪೋಟಿಗೆ ಇಳಿಯಲು ಸ್ಟಾರ್ಟಪ್‌ಗಳಿಗೆ ಆಗುವುದಿಲ್ಲ. ಅದಕ್ಕೇ ಸ್ಟಾಕ್ ಆಪ್ಷನ್, ಅಂದರೆ ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕು ಕೊಡುತ್ತಾರೆ. ಅದು ಪೂರ್ತಿ ಕೈಸೇರೋದು ಸಾಮಾನ್ಯವಾಗಿ ನಾಲ್ಕು ವರ್ಷದ ಲೆಕ್ಕ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಸೊನ್ನೆ. ತುಂಬಿದರೆ ಕಾಲು ಭಾಗ, ಉಳಿದದ್ದು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ.

'ಷೇರು ಸಿಕ್ಕಿತಂತೆ' ಅಂತ ಊರಲ್ಲಿ ಖುಷಿಪಡುತ್ತಾರೆ. ಸಿಕ್ಕಿದ್ದು ಷೇರಲ್ಲ, ಮೊದಲೇ ಗೊತ್ತು ಮಾಡಿದ ಬೆಲೆಗೆ ಅದನ್ನು ಕೊಳ್ಳುವ ಹಕ್ಕು. ಕೆಲಸ ಬಿಟ್ಟ ಮೇಲೆ ಬಹಳಷ್ಟು ಕಡೆ 90 ದಿನದೊಳಗೆ ದುಡ್ಡು ಕಟ್ಟಿ ಕೊಳ್ಳಬೇಕು. ಇಲ್ಲದಿದ್ದರೆ ಹಕ್ಕು ಹೋಯಿತು. ಕೊಂಡರೆ ತೆರಿಗೆಯೂ ಬೀಳಬಹುದು. ಮಾರೋಣ ಅಂದರೆ ಕಂಪನಿ ಇನ್ನೂ ಷೇರುಪೇಟೆಗೆ ಬಂದಿಲ್ಲ. ಹೀಗೆ ಮನಸ್ಸಿಲ್ಲದೆಯೂ ಕೂತಿರುವವರು ಇಲ್ಲಿ ಬೇಕಾದಷ್ಟು ಜನ. ಅವರನ್ನು 'ಉಳಿಸಿಕೊಂಡೆವು' ಅಂತ ಲೆಕ್ಕಕ್ಕೆ ಹಿಡಿಯುವುದು ನನಗಂತೂ ತಮಾಷೆ. ಚಿತ್ರ ಹಂಚಿಕೊಳ್ಳುವ ಜಾಲತಾಣ ಪಿಂಟರೆಸ್ಟ್ 2015ರಲ್ಲಿ, ಎರಡು ವರ್ಷ ದುಡಿದವರಿಗೆ ಈ ಗಡುವನ್ನು ಏಳು ವರ್ಷಕ್ಕೆ ಹಿಗ್ಗಿಸಿತು. ಆಮೇಲೂ ಎಷ್ಟೋ ಕಂಪನಿಗಳು 90 ದಿನಕ್ಕೇ ಅಂಟಿಕೊಂಡಿವೆ.

ನಮ್ಮವರಿಗೆ ಇನ್ನೊಂದು ಹಗ್ಗವೂ ಇದೆ, ಎಚ್-1ಬಿ ಅನ್ನುವ ಅಮೆರಿಕದ ಕೆಲಸದ ವೀಸಾ. ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ. ಹಾಗಾಗಿ ಜಾಣ ಹುಡುಗ ಹುಡುಗಿಯರು ಯಾವಾಗ ಮುಚ್ಚೀತೋ ಅಂತ ಸಣ್ಣ ಕಂಪನಿ ಅಂದರೆ ಹಿಂದೇಟು ಹಾಕುತ್ತಾರೆ. ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ಆಗಿ ಇರುವ ಪರವಾನಗಿ) ಕೆಲಸ ಬೇಗ ಶುರು ಮಾಡಿದರೆ ಬಿಟ್ಟು ಹೋಗುತ್ತಾರೆ ಅನ್ನುವ ಭಯ ಕೆಲವು ಮಾಲೀಕರಿಗೆ. ಪೂರ್ತಿ ಸುಳ್ಳೇನಲ್ಲ. ಅದಕ್ಕಾಗಿ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆಯಾದರೆ, ಆಮೇಲೆ ಕಂಪನಿ ಬದಲಿಸಿದರೂ ಗ್ರೀನ್ ಕಾರ್ಡಿನ ಆ ಉದ್ದದ ಸಾಲಿನಲ್ಲಿ ಸಾಮಾನ್ಯವಾಗಿ ನಮ್ಮ ಜಾಗ ನಮಗೇ. ಆದರೆ ತಡ ಮಾಡಿದರೆ ಅದನ್ನು ಬೇಗ ಮಾಡಿಕೊಡುವ ಕಂಪನಿಗೆ ಹೋಗುತ್ತಾರೆ. ನಮ್ಮ ಟೀಮಿನಿಂದ ಹೋದವರಲ್ಲಿ ಜಾಸ್ತಿ ಜನ ಹೋದದ್ದು ಇದಕ್ಕೇ, ಸಂಬಳಕ್ಕಲ್ಲ.

ನಾನು ಇಂಟರ್ವ್ಯೂ ಮಾಡಲು ಕೂರುವಾಗ ನಮ್ಮ ದೇಶದವರು ಕೇಳುವ ಮೊದಲ ಪ್ರಶ್ನೆ: 'ಕಂಪನಿ ನಡೆಸಲು ಬ್ಯಾಂಕಿನಲ್ಲಿ ಎಷ್ಟು ತಿಂಗಳಿಗೆ ಆಗುವಷ್ಟು ದುಡ್ಡಿದೆ?' ಮೊದಮೊದಲು ನಮ್ಮ ಮಾಲೀಕರಿಗೆ ಸಿಟ್ಟು ಬರುತ್ತಿತ್ತು. ಈಗ ಕೇಳುವ ಮುಂಚೆ ಅವರೇ ಹೇಳಿಬಿಡುತ್ತಾರೆ.