ಮೊಸಳೆಗೆ ಹೆದರದ ಆಂಟಿ

ಎಡಿನ್‌ಬರೋದಲ್ಲಿ ನಮ್ಮ ಮೇಲಿನ ಮನೆಯ ಕನ್ನಡದ ಹುಡುಗಿಗೆ ಆರು ವರ್ಷ. ಅಮ್ಮನಿಗೆ ಪುರುಸೊತ್ತಿಲ್ಲದ ರಾತ್ರಿ ಫೋನೇ ಕತೆ ಓದುತ್ತದೆ. ಮೊನ್ನೆ ಕತೆ ಮುಗಿದಾಗ ಅವಳ ತೀರ್ಪು: “ಮೊಸಳೆ ಬಾಯಿ ತೆಗೆದ್ರೂ ಈ ಆಂಟಿಗೆ ಹೆದ್ರಿಕೇನೇ ಇಲ್ಲ.”

ಆಂಟಿಯದೇನೂ ತಪ್ಪಿಲ್ಲ. ಇದೇ ಊರಿನ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ, ಬರಹವನ್ನು ಮಾತಾಗಿಸುವ ‘ಫೆಸ್ಟಿವಲ್’ ತಂತ್ರಾಂಶದ ಕಾಲದಲ್ಲಿ, ರೆಕಾರ್ಡ್ ಮಾಡಿದ ಮಾತನ್ನು ಚೂರು ಮಾಡಿ, ಬೇಕಾದ ಚೂರುಗಳನ್ನು ಪೋಣಿಸಿ ಹೊಸ ವಾಕ್ಯ ಕಟ್ಟುತ್ತಿದ್ದರು. ಒಂದು ಚೂರು ಸಿಟ್ಟಿನದು, ಪಕ್ಕದ್ದು ಸಮಾಧಾನದ್ದಾದರೆ ಬೆಸುಗೆ ಕಿವಿಗೆ ರಾಚುತ್ತದೆ. ಹಾಗಾಗಿ ಓದುವವರು ದನಿ ಏರಿಸದೆ ಇಳಿಸದೆ ಓದಬೇಕಿತ್ತು. ಈಗ ಉದಾಹರಣೆ ಕೇಳಿ ತಾವೇ ಕಲಿಯುವ ನರಜಾಲಗಳು ಬಂದಿವೆ, ಸಮತಟ್ಟು ಓದಿನ ರೂಢಿ ಮಾತ್ರ ಪೂರ್ತಿ ಹೋಗಿಲ್ಲ. ಅದೂ ಅಲ್ಲದೆ, ಒಂದು ವಾಕ್ಯವನ್ನು ಹತ್ತು ಬಗೆಯಲ್ಲಿ ಹೇಳಬಹುದಾದಾಗ, ತಪ್ಪಿನ ಅಂಕ ತಗ್ಗಿಸಲು ಹೊರಟ ಯಂತ್ರ ಹತ್ತರ ಸರಾಸರಿ ಹಿಡಿಯುತ್ತದೆ. ಹತ್ತು ಭಾವ ಕಲಸಿದರೆ ಸಿಗುವುದು ವಾರ್ತೆ ಓದುವ ದನಿ!

ಇಂಥದೇ ಒಂದು ನರಜಾಲ, 2020ರ ಫಾಸ್ಟ್‌ಸ್ಪೀಚ್ 2, ಪ್ರತಿ ಧ್ವನಿಯ ಉದ್ದ, ಶ್ರುತಿ, ಜೋರು ಈ ಮೂರನ್ನೂ ಬೇರೆ ಬೇರೆಯಾಗಿ ಊಹಿಸುತ್ತದೆ. ರೇಡಿಯೋದ ತಿರುಗಣೆಗಳ ಹಾಗೆ ಒಂದೊಂದನ್ನೂ ತಿರುಗಿಸಬಹುದು. ಇಂಗ್ಲಿಷಿನವರು ಉದ್ದದ ತಿರುಗಣೆಯನ್ನು ಧಾರಾಳವಾಗಿ ತಿರುಗಿಸುತ್ತಾರೆ. ನಮಗೆ ಆ ಭಾಗ್ಯವಿಲ್ಲ. ‘ಬಳೆ’ಯ ಮೊದಲ ಸ್ವರ ಎಳೆದರೆ ‘ಬಾಳೆ’, ‘ಕತೆ’ಯ ತಕಾರ ತುಸು ತಡೆದರೆ ‘ಕತ್ತೆ’. ಸೆಕೆಂಡಿಗೆ 22,050 ಬಿಂದುಗಳಲ್ಲಿ ಹಿಡಿದ ಧ್ವನಿಯನ್ನು ಯಂತ್ರ 256 ಬಿಂದುಗಳ ಹೆಜ್ಜೆಯಲ್ಲಿ ಅಳೆದರೆ ಒಂದು ಹೆಜ್ಜೆ, ಅಂದರೆ ಒಂದು ಚೌಕಟ್ಟು, 11.6 ಮಿಲಿಸೆಕೆಂಡ್. ಏಳೆಂಟು ಚೌಕಟ್ಟು ಆಚೀಚೆಯಾದರೆ ಕತೆಯೊಳಗೆ ಕತ್ತೆ ಹೊಕ್ಕಿತು ಅಂತಲೇ ಲೆಕ್ಕ. ದಾರಿ ಕನ್ನಡದಲ್ಲೇ ಇದೆ: ‘ದೊಡ್ಡಾ ಮೊಸಳೆ’, ‘ಬಂದೇಬಿಡ್ತು’. ನಾವು ಎಳೆಯುವುದು ಹೆಚ್ಚಾಗಿ ಪದದ ಕೊನೆಯನ್ನು, ಇಲ್ಲವೇ ಒತ್ತಿ ಹೇಳುವ ಏಕಾರವನ್ನು. ಉದ್ದವನ್ನು ಅಲ್ಲಷ್ಟೇ ಹಿಗ್ಗಿಸಿ, ಉಳಿದ ಭಾವವನ್ನು ಶ್ರುತಿಯ ಮೇಲೆ ಹಾಕಬೇಕು.

ಇಷ್ಟಾದರೂ ಭಾವವಿರುವ ಮಾತು ಮೊದಲು ಸಿಗಬೇಕಲ್ಲ. ಕರಾವಳಿಯ ತಾಳಮದ್ದಳೆ ನೆನಪಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥಧಾರಿ ಬರೀ ಮಾತಿನಲ್ಲಿ ಕೌರವನನ್ನೂ ಕೃಷ್ಣನನ್ನೂ ತಂದು ನಿಲ್ಲಿಸುತ್ತಾನೆ. ಅಂಥ ನಾಡಿನವರ ಫೋನು ಮಾತ್ರ ಸರ್ಕಾರಿ ಪ್ರಕಟಣೆ ಓದುತ್ತದೆ! ಆದರೆ ತಾಳಮದ್ದಳೆಯ ರೆಕಾರ್ಡಿಂಗುಗಳನ್ನು ಯಂತ್ರಕ್ಕೆ ಕಲಿಸಲು ಹಾಗೇ ತುರುಕಲು ಬರುವುದಿಲ್ಲ. ಮಾತಿನ ನಡುನಡುವೆ ಮದ್ದಳೆ, ಸಭೆಯ ನಗು, ಮೈಕಿನ ಪ್ರತಿಧ್ವನಿ. ಯಂತ್ರದಿಂದ ಸೋಸಿದರೆ ಶ್ರುತಿಯ ಏರಿಳಿತದ ಗೆರೆಯೂ ತುಂಡಾಗುತ್ತದೆ. ಕಲಾವಿದರ ಒಪ್ಪಿಗೆ ಬೇರೆ ಬೇಕು, ಅದೂ ಬರಹದಲ್ಲಿ.

ಹಾಗಾಗಿ ಯಂತ್ರಕ್ಕೆ ಕಲಿಸಲೆಂದು ನೀವು ಊರಿನ ಅಜ್ಜಿಯೊಬ್ಬರ ಕತೆ ರೆಕಾರ್ಡ್ ಮಾಡುವುದಾದರೆ, ಅಜ್ಜಿಯ ಒಪ್ಪಿಗೆ ಪಡೆದೇ ಮಾಡಿ. ಹಾಸಿಗೆ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು, ಗೋಡೆ ಮಾರ್ದನಿ ಕೊಡುವುದಿಲ್ಲ. ಫ್ಯಾನ್ ಬಂದ್. ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಗೆ. ನೇರ ಹಿಡಿದರೆ ಪ, ಬ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ಮೊದಲು ರಾಕ್ಷಸನ ಕೂಗನ್ನೇ ಹೇಳಿಸಿ, ಅದು ರೆಕಾರ್ಡರಿನ ಮಾಪಕದಲ್ಲಿ ಮೈನಸ್ 6 ಡೆಸಿಬೆಲ್ (ಸೊನ್ನೆಯೇ ಮೇಲಿನ ಮಿತಿ) ಆಸುಪಾಸು ನಿಲ್ಲುವಂತೆ ಮಟ್ಟ ಹೊಂದಿಸಿ. ಪಿಸುಮಾತಿಗೆ ಹೊಂದಿಸಿದಿರೋ, ಸಿಟ್ಟು ಬಂದಾಗ ಧ್ವನಿಯ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮತ್ತೆ ಸರಿಪಡಿಸಲಾಗದು. ಕುಗ್ಗಿಸದ ವೇವ್ (WAV) ಕಡತವಾಗಿಯೇ ಉಳಿಸಿ. ವಾಟ್ಸಾಪ್ ವಾಯ್ಸ್ ಮೆಸೇಜು ಕುಗ್ಗಿರುತ್ತದೆ, ಸ-ಶಗಳ ಮೊನೆ ಮೊಂಡಾಗುತ್ತದೆ.

ಹೆಚ್ಚಿನವರು ಎಡವುವುದು, ಧ್ವನಿಯ ಜತೆ ಯಂತ್ರಕ್ಕೆ ಕೊಡಲು ಮಾತನ್ನು ಬರೆದುಕೊಳ್ಳುವಾಗ. ಅಜ್ಜಿ ‘ಬಂದ್ಬಿಟ್ಟ’ ಅಂದದ್ದನ್ನು ‘ಬಂದುಬಿಟ್ಟ’ ಎಂದು ತಿದ್ದಿದರೆ, ಇಲ್ಲದ ಉಕಾರಕ್ಕೆ ಯಂತ್ರ ಎಲ್ಲಿಂದಲೋ ಜಾಗ ಕದಿಯುತ್ತದೆ, ಅಕ್ಕಪಕ್ಕದ ಅಕ್ಷರಗಳ ಉದ್ದವೆಲ್ಲ ಕೆಡುತ್ತದೆ. ‘ಐತಿ’ ಅಂದರೆ ‘ಐತಿ’, ‘ಉಂಟು’ ಅಂದರೆ ‘ಉಂಟು’. ನಡುವೆ ನಗು ಬಂದರೆ ಕತ್ತರಿಸಬೇಡಿ, ಎಲ್ಲಿ ನಕ್ಕರು ಅಂತ ಗುರುತು ಹಾಕಿ.